ನಾಲ್ಕು ಹಾಳೆಯ ಮುಖ

ಅಂಟ ತನ್ನ ತಂಗಿಯ ಗದ್ದವನ್ನು ಹನ್ನೊಂದು ಗೋಡೆಗೆ ಮೆತ್ತಿದ. ಹನ್ನೆರಡನೆಯ ಗೋಡೆಯವರೆಗೂ ಅವನಿಗೆ ಗೊತ್ತೇ ಆಗಲಿಲ್ಲ.

ಗೊತ್ತಾಗುವ ಕೆಲಸವಲ್ಲ ಅದು. ದೊಡ್ಡ ಪೋಸ್ಟರು ಒಂದೇ ಹಾಳೆಯಲ್ಲಿ ಬರುವುದಿಲ್ಲ. ನಾಲ್ಕು ತುಂಡಾಗಿ ಬರುತ್ತದೆ. ಮುಖ ಒಳಗಾಗಿ ಮಡಚಿ, ಬೆನ್ನಿನ ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ನೀಲಿ ಪೆನ್ಸಿಲಿನಲ್ಲಿ ಗೀಚಿರುತ್ತಾರೆ. ಅಂಟಿಸುವವನಿಗೆ ಬೇಕಾದದ್ದು ಆ ಅಂಕಿ ಮಾತ್ರ. ಗೋಡೆಗೆ ಒಂದು ಕೈ ಗೋಂದು, ಹಾಳೆಯ ಬೆನ್ನಿಗೆ ಒಂದು ಕೈ ಗೋಂದು. ಏಣಿ ಹತ್ತು, ಮೇಲಿನ ಮೂಲೆ ಹಿಡಿ, ಮಡಿಕೆ ಬಿಚ್ಚು, ನಡುವಿನಿಂದ ಅಂಚಿಗೆ ಅಂಗೈಯಲ್ಲಿ ಸವರು. ಗಾಳಿಗುಳ್ಳೆ ನಿಲ್ಲಬಾರದು. ಮೂಗು ಗೋಡೆಯಿಂದ ಒಂದು ಗೇಣು ದೂರ. ಅಷ್ಟು ಹತ್ತಿರದಿಂದ ಕಾಣುವುದು ಮುಖವಲ್ಲ, ಚುಕ್ಕೆ. ಕಂದು ಚುಕ್ಕೆ, ಕೆಂಪು ಚುಕ್ಕೆ, ಕಪ್ಪು ಚುಕ್ಕೆ. ಅವನು ನಟಿಯರ ಹಲ್ಲು ಅಂಟಿಸಿದ್ದಾನೆ, ನಾಯಕರ ಮೀಸೆ ಅಂಟಿಸಿದ್ದಾನೆ, ಸೋಪಿನ ನೊರೆ ಅಂಟಿಸಿದ್ದಾನೆ. ಯಾರದು, ಏನು ಎಂದು ವಿಚಾರಿಸುತ್ತ ಕೂತರೆ ಗೋಂದು ಒಣಗುತ್ತದೆ. ಅಂಟಿಸಿದ್ದನ್ನು ರಸ್ತೆಯಾಚೆ ನಿಂತು ನೋಡುವ ಚಟ ಹೊಸಬರಿಗೆ. ಹಳಬರು ಏಣಿ ಹೆಗಲಿಗೇರಿಸಿ ಮುಂದಿನ ಗೋಡೆಗೆ ಹೋಗುತ್ತಾರೆ. ಅವನಿಗೆ ಇಪ್ಪತ್ತೆರಡಾದರೂ ಈ ಕೆಲಸದಲ್ಲಿ ಹತ್ತು ವರ್ಷದ ಹಳಬ. ಹೆಸರಿಟ್ಟಿದ್ದರು, ಯಾರೂ ಕರೆಯುತ್ತಿರಲಿಲ್ಲ. ಕೈ ಕುಲುಕಿದವರ ಕೈ ಬಿಡಿಸಿಕೊಳ್ಳಲು ಒಂದು ಗಳಿಗೆ ಬೇಕಾಗುತ್ತಿತ್ತು. ಅದಕ್ಕೇ ಅಂಟ.

ಹನ್ನೆರಡನೆಯದು ಬಸ್ ನಿಲ್ದಾಣದ ಎದುರಿನ ಉದ್ದ ಗೋಡೆ. ಮಧ್ಯಾಹ್ನದ ಬಿಸಿಲು ನೆತ್ತಿ ಸೀಳುತ್ತಿತ್ತು. ನಾಲ್ಕನೆಯ ಹಾಳೆ ಸವರಿ ಮುಗಿಸಿ ಇಳಿದರೆ ಬಕೆಟ್ಟಿನಲ್ಲಿ ನೀರಿಲ್ಲ. ನಲ್ಲಿ ಇದ್ದದ್ದು ರಸ್ತೆಯ ಆಚೆ ಬದಿ. ದಾಟಿದ, ಮುಖದ ಟವೆಲ್ ಸರಿಸಿ ಬೊಗಸೆಯಲ್ಲಿ ಕುಡಿದ, ಬಾಯಿ ಒರೆಸಿಕೊಳ್ಳುತ್ತ ತಲೆ ಎತ್ತಿದ.

ಗೋಡೆಯ ಮೇಲೆ ಅವನ ತಂಗಿ ಇದ್ದಳು.

ಕಣ್ಣಿನ ಮೇಲೆ ಡಾಂಬರು ಬಳಿದ ಹಾಗೆ ಒಂದು ಕಪ್ಪು ಪಟ್ಟಿ. ಪಟ್ಟಿಯ ಕೆಳಗೆ ಮೂಗು, ಅವನದೇ ಮೂಗು. ಮುಚ್ಚಿದ ಬಾಯಿ. ಗದ್ದದ ಎಡಕ್ಕೆ ಸೊಟ್ಟ ಗಾಯದ ಗುರುತು. ಐದು ವರ್ಷದವಳಿದ್ದಾಗ ಅಪ್ಪನ ಏಣಿ ಹತ್ತಿ ಬಿದ್ದು ಮಾಡಿಕೊಂಡದ್ದು. ಬಿಳಿ ಕಾಲರು, ಅದರ ಮೊದಲ ಗುಂಡಿ ಮಾತ್ರ ಹಸಿರು. ಬಿಳಿ ಗುಂಡಿ ಎಲ್ಲೋ ಬಿದ್ದುಹೋಗಿ ಅಮ್ಮ ಡಬ್ಬಿಯಲ್ಲಿ ಸಿಕ್ಕಿದ್ದನ್ನು ಹೊಲಿದಿದ್ದಳು. ಎಲ್ಲ ಮಾಮೂಲಿಗಿಂತ ಇಪ್ಪತ್ತು ಪಟ್ಟು ದೊಡ್ಡದಾಗಿ, ಬಿಸಿಲಿನಲ್ಲಿ ಒದ್ದೆಯಾಗಿ ಹೊಳೆಯುತ್ತಿತ್ತು. ಕೆಳಗೆ ದಪ್ಪ ಅಕ್ಷರ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಅಕ್ಷರಗಳು ಇಕ್ಕಟ್ಟಿನ ಬಾಗಿಲಲ್ಲಿ ಬರುವ ಜನರ ಹಾಗೆ ಒಂದೊಂದೇ ಬರುತ್ತವೆ. ಬಂದವು.

ನನ್ನನ್ನು ನೋಡಿ. ನನಗೊಂದು ಕಾನೂನು ಬೇಕು.

ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅವಳ ಭುಜದ ಜಾಗಕ್ಕೆ ಒರಗಿ ಕಿತ್ತಳೆ ಸುಲಿಯುತ್ತಿದ್ದ.

ಅಂಟ ತನ್ನ ಅಂಗೈ ನೋಡಿಕೊಂಡ. ಬೆಳಗಿನಿಂದ ಆ ಗದ್ದವನ್ನು ಸವರಿ ಸವರಿ ಕೂರಿಸಿದ ಅಂಗೈ ಅದು.

ಐದು ತಿಂಗಳ ಹಿಂದೆ ಶಾಲೆಯವರು ವರ್ಷದ ಗುಂಪು ಫೋಟೋ ತೆಗೆಸಿ ಎಲ್ಲರ ಫೋನಿಗೂ ಕಳಿಸಿದ್ದರು. ಮೂರನೇ ಸಾಲಿನಲ್ಲಿ ನಿಂತಿದ್ದ ತಂಗಿಯ ಮುಖವನ್ನು ಯಾರೋ ಕತ್ತರಿಸಿ ತೆಗೆದರು. ಆ ಮುಖಕ್ಕೆ ಫೋನಿನ ಆ್ಯಪೊಂದು ಅವಳದಲ್ಲದ ಮೈ ಮಾಡಿಕೊಟ್ಟಿತು. ಅವಳಿಗೆ ಹದಿಮೂರು. ಅವಳ ಕೈಗೆ ಆ ಚಿತ್ರ ಬರುವ ಹೊತ್ತಿಗೆ ಶಾಲೆ ಪೂರ್ತಿ ನೋಡಿ ಮುಗಿಸಿತ್ತು. ಮಾಡಿದವರು ಯಾರೆಂದು ಇಡೀ ತರಗತಿಗೆ ಗೊತ್ತಿತ್ತು. ಹೆಡ್‌ಮಾಸ್ತರರು ಅಮ್ಮನನ್ನು ಕರೆಸಿ, ವಿಷಯ ತಣ್ಣಗಾಗುವವರೆಗೆ ಹುಡುಗಿಯನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಮಾಡಿದ ಮೂವರು ಆ ದಿನವೂ ಪಾಠ ಕೇಳುತ್ತ ಕೂತಿದ್ದರು.

ಠಾಣೆಗೆ ಹೋದರೆ ಇನ್‌ಸ್ಪೆಕ್ಟರು ಪೆನ್ನನ್ನೇ ಎತ್ತಲಿಲ್ಲ.

"ಮುಖ ನಿಮ್ಮ ಹುಡುಗೀದು, ಒಪ್ಕೋತೀನಿ. ಮಿಕ್ಕಿದ್ದು ಮೆಷೀನ್ ಮಾಡಿರೋದು. ಇಲ್ಲದೇ ಇರೋ ಮೈಗೆ ನಾನು ಯಾವ ಸೆಕ್ಷನ್ ಹಾಕ್ಲಮ್ಮ?"

ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವವಳು. ದಿನಕ್ಕೆ ಇನ್ನೂರು ಹಾಸಿಗೆ ಬಟ್ಟೆಯ ರಕ್ತ ಕೀವು ಬಿಡಿಸುವವಳು. ಯಾರ ಎದುರೂ ದನಿ ಎತ್ತಿದವಳಲ್ಲ. ಅವತ್ತು ಮೆಲ್ಲಗೆ ಕೇಳಿದಳು. "ಊಟ ಬಿಟ್ಟು ಕೂತಿರೋ ನನ್ನ ಮಗಳ ಮೈ ಇರೋದೇ ಅಲ್ವಾ ಸಾರ್?"

ಇನ್‌ಸ್ಪೆಕ್ಟರು ಮುಂದಿನವರನ್ನು ಕರೆದರು.

ಮನೆ ಎಂದರೆ ಒಂದು ಕೋಣೆ, ಒಂದು ಕಬ್ಬಿಣದ ಬೀರು. ಬೀರುವಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ತಂಗಿ ಕೂರತೊಡಗಿದಳು. ಕಿಟಕಿಯಿಂದ ನೋಡಿದರೆ ಕಾಣದ ಜಾಗ ಅದೊಂದೇ. ಬೀರುವಿನ ಕನ್ನಡಿಗೆ ಹಳೆಯ ಪೋಸ್ಟರಿನ ಬೆನ್ನು ಅಂಟಿಸಿಕೊಡು ಅಣ್ಣ ಎಂದಳು. ಅಂಟಿಸಿಕೊಟ್ಟ. ಸ್ಟೀಲ್ ತಟ್ಟೆಯಲ್ಲಿ ಊಟ ಬಡಿಸಿದರೆ ಮೊದಲು ಅನ್ನವನ್ನು ತಟ್ಟೆಯ ತುಂಬ ಹರಡುತ್ತಿದ್ದಳು. ತಳದಲ್ಲಿ ಮುಖ ಕಾಣಬಾರದು. ಬೀದಿಯಲ್ಲಿ ಏನಾದರೂ ಕ್ಲಿಕ್ ಎಂದರೆ, ಬೀಗವೇ ಇರಲಿ, ಕೊಡೆಯೇ ಇರಲಿ, ಕೈ ತಾನಾಗಿ ಮುಖದ ಮೇಲೆ ಬರುತ್ತಿತ್ತು.

ಒಂದು ದಿನ ಕೈ ತೊಳೆಯುತ್ತ ಕೇಳಿದಳು. "ಈಗ ಎಷ್ಟು ಜನ ನೋಡ್ತಿರಬಹುದು ಅಣ್ಣ?"

ನೆನ್ನೆ ಅಲ್ಲ, ನಾಳೆ ಅಲ್ಲ. ಈಗ. ಆ "ಈಗ" ಅವನ ಬೆನ್ನು ಹತ್ತಿತು. ಏಣಿಯ ಮೇಲಿದ್ದಾಗ ಕೆಳಗೆ ಯಾರಾದರೂ ಫೋನು ನೋಡಿ ನಕ್ಕರೆ ಅವನು ಸವರುವುದು ನಿಲ್ಲಿಸಿ ಬಗ್ಗಿ ನೋಡುತ್ತಿದ್ದ. ಚಹಾ ಅಂಗಡಿಯಲ್ಲಿ ಮೂವರು ಒಂದೇ ಫೋನಿನ ಮೇಲೆ ಬಗ್ಗಿದ್ದರೆ ನೆಪ ಮಾಡಿಕೊಂಡು ಹಿಂದೆ ಹೋಗಿ ಇಣುಕುತ್ತಿದ್ದ. ಬೆಕ್ಕಿನ ಮರಿ ಇರುತ್ತಿತ್ತು. ಚೆಂಡಾಟ ಇರುತ್ತಿತ್ತು. ಯಾರದೋ ಮದುವೆ ಇರುತ್ತಿತ್ತು. ಒಂದು ಸಲವೂ ಅವಳಿರಲಿಲ್ಲ. ಆದರೂ ಮುಂದಿನ ಸಲ ಮತ್ತೆ ಇಣುಕುತ್ತಿದ್ದ. ಅಪರಿಚಿತರು ಯಾರಾದರೂ ಅವನ ಮುಖವನ್ನು ಎರಡು ಸಲ ನೋಡಿದರೆ, ಮೂಗು ಗುರುತು ಸಿಕ್ಕಿತೇ ಎನ್ನಿಸುತ್ತಿತ್ತು. ಧೂಳು ಎಂದು ಹೇಳಿ ಮುಖಕ್ಕೆ ಟವೆಲ್ ಕಟ್ಟಿಕೊಂಡ. ಆಮೇಲೆ ಬಿಚ್ಚಲೇ ಇಲ್ಲ.

ಆಗ ಬಂದವರು ಸಂಘದ ಮೇಡಂ. ಮಕ್ಕಳ ಹಕ್ಕಿನ ಸಂಘ. ಕುರ್ಚಿ ಇಲ್ಲ ಎಂದು ಅಮ್ಮ ಮುಜುಗರಪಡುವಷ್ಟರಲ್ಲಿ ನೆಲದ ಮೇಲೆ ಕೂತುಬಿಟ್ಟರು. ತಂಗಿಯನ್ನು ನೇರ ನೋಡದೆ, ಗೋಡೆ ನೋಡಿಕೊಂಡು ಮಾತಾಡಿದರು. ಅದು ತಂಗಿಗೆ ಹಿಡಿಸಿತು. ರಾಜ್ಯದಲ್ಲಿ ಒಂದು ಮಸೂದೆ ಬರುತ್ತಿದೆ, ಮೆಷೀನು ಮಾಡಿದ ಚಿತ್ರವೂ ಇನ್ನು ಮೇಲೆ ಅಪರಾಧ, ಮಕ್ಕಳ ಅಂಥ ಚಿತ್ರ ಮಾಡಿದವನು, ಇಟ್ಟುಕೊಂಡವನು, ಹಂಚಿದವನು ಮೂವರೂ ಒಳಗೆ, ಸದನದ ಸಮಿತಿ ಜನರ ಅಹವಾಲು ಕೇಳುತ್ತದೆ ಎಂದು ಬಿಡಿಸಿ ಹೇಳಿದರು. ಸಮಿತಿಗೆ ಕೊಡುವ ಫೈಲಿಗೆ ಒಂದು ಫೋಟೋ ಬೇಕು, ಮುಚ್ಚಿದ ಲಕೋಟೆಯಲ್ಲಿರುತ್ತದೆ ಎಂದರು. ಯೂನಿಫಾರ್ಮ್ ಹಾಕಿಕೊಂಡರೆ ಒಳ್ಳೆಯದು.

ತಂಗಿ ಎರಡು ಸಲ ಒಲ್ಲೆ ಎಂದಳು. ಮೂರನೆಯ ಸಲ ಅಂಟನೇ ಸಂದಿಯ ಬಳಿ ಕುಕ್ಕರುಗಾಲಲ್ಲಿ ಕೂತ.

"ಒಂದೇ ಒಂದು ಸಲ ನಿಂತ್ಕೋ ಪುಟ್ಟಾ. ಇನ್ಯಾವಳಿಗೂ ಹಿಂಗಾಗಬಾರದಲ್ಲ."

ಅವಳು ಎದ್ದಳು. ಅಣ್ಣನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬಾಯಿ ಬಿಗಿಹಿಡಿದು ನಿಂತಳು. ಕ್ಲಿಕ್ ಎಂದಾಗ ಕೈ ಮೇಲೆ ಬರಲಿಲ್ಲ. ಅವಳು ಅದನ್ನು ಇನ್ನೊಂದು ಕೈಯಿಂದ ಬೆನ್ನ ಹಿಂದೆ ಹಿಡಿದುಕೊಂಡಿದ್ದು ಅಣ್ಣನಿಗೆ ಮಾತ್ರ ಕಾಣಿಸಿತು.

ಈಗ ಅದೇ ಬಿಗಿಹಿಡಿದ ಬಾಯಿ ಬಸ್ ನಿಲ್ದಾಣದ ಎದುರಿಗಿತ್ತು.

ಅವನು ಮೊದಲು ಮೇಸ್ತ್ರಿಗೆ ಫೋನು ಮಾಡಿದ. ಕೆಲಸ ಹಿಡಿದುಕೊಟ್ಟವನು ಅವನೇ. ಒಳ್ಳೆಯ ಕೆಲಸಕ್ಕೆ ಹಾಕುತ್ತಿರುವುದು ಕಣೋ, ನಾಳೆ ಸಭೆ, ಸಂಜೆಯೊಳಗೆ ಮುಗಿಸು ಎಂದು ಮೇಸ್ತ್ರಿ ಫೋನಿಟ್ಟ. ಅಂಟ ಉಳಿದ ಕಟ್ಟನ್ನು ಸೈಕಲ್ಲಿನಿಂದ ಇಳಿಸಿ ಗೋಂದಿನ ಡ್ರಮ್ಮಿನಲ್ಲಿ ಅದ್ದಿದ. ಹಿಡಿದು ಅದುಮಿದ. ಗುಳ್ಳೆ ಬರುವುದು ನಿಂತ ಮೇಲೆ ಸಂಘದ ಆಫೀಸಿಗೆ ಹೋದ.

ಮೇಡಂ ಊಟದ ಡಬ್ಬಿಯನ್ನು ಬಿಚ್ಚಿಟ್ಟುಕೊಂಡು ತಿನ್ನುವುದು ಮರೆತು ಕಾಗದ ಜೋಡಿಸುತ್ತಿದ್ದರು. ಕಣ್ಣು ಕೆಂಪಾಗಿತ್ತು. ನಾಲ್ಕು ದಿನದಿಂದ ನಿದ್ದೆಯಿಲ್ಲ ಎಂದರು. ಅವನು ಬಂದ ಕಾರಣ ಹೇಳಿದ.

"ಕಣ್ಣು ಮುಚ್ಚಿದ್ದೀವಲ್ಲಪ್ಪ. ಗುರುತು ಸಿಗಲ್ಲ."

"ನನಗೆ ಸಿಕ್ತು."

"ನೀನು ಅಣ್ಣ."

"ಹಂಚಿದವರು ಅವಳ ಕ್ಲಾಸಿನವರು ಮೇಡಂ. ಮೂರು ವರ್ಷ ಹಿಂದಿನ ಬೆಂಚಲ್ಲಿ ಕೂತವರು. ಅವರಿಗೆ ಸಿಗಲ್ವಾ?"

ಮೇಡಂ ಡಬ್ಬಿಯ ಮುಚ್ಚಳ ಹಾಕಿದರು. ಮೊದಲು ಎಲ್ಲಿಂದಲೋ ತಂದ ಹುಡುಗಿಯ ಚಿತ್ರ ಹಾಕಿದ್ದೆವು, ಜಾಹೀರಾತಿನ ಹಾಗಿತ್ತು, ನಿಜವಾದ ಮಗುವಿನ ಮುಖ ಇದ್ದರೆ ಜನ ಕರಗುತ್ತಾರೆ ಎಂದು ಸಮಿತಿಯ ಅಧ್ಯಕ್ಷರೇ ಹೇಳಿದರು ಎಂದರು. ಈ ಅಧಿವೇಶನದಲ್ಲಿ ಮಸೂದೆ ಪಾಸಾಗದಿದ್ದರೆ ಇನ್ನೆರಡು ವರ್ಷ ಯಾರೂ ಅದನ್ನು ಮುಟ್ಟುವುದಿಲ್ಲ ಎಂದರು. ತಮ್ಮ ಬಳಿ ಇಂಥ ನೂರಾಹನ್ನೊಂದು ಹುಡುಗಿಯರ ಫೈಲು ಇವೆ ಎಂದರು. ನಾಳೆ ತಂಗಿ ಬಂದು ಪರದೆಯ ಹಿಂದೆ ಕೂತು ಎರಡು ಮಾತಾಡಿದರೆ ಸಾಕು, ಗೆದ್ದ ಹಾಗೆ ಎಂದರು. ಎಲ್ಲ ಹೇಳಿ ಮುಗಿಸಿ ಕೊನೆಗೆ ಒಂದು ಕಾಗದ ತೆಗೆದು ಅವನ ಮುಂದಿಟ್ಟರು.

"ನಿಮ್ಮಮ್ಮ ಸಹಿ ಹಾಕಿದ್ದಾರೆ."

ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ. ಅವನು ಬೆರಳಿಟ್ಟು ಓದಿದ. ಏಳನೆಯ ಸಾಲಿನಲ್ಲಿ ಸಿಕ್ಕಿತು. "ಪ್ರಚಾರ ಕಾರ್ಯಕ್ಕೆ ಬಳಸಲು ಒಪ್ಪಿಗೆ ಇರುತ್ತದೆ." ಕೆಳಗೆ ಅಮ್ಮನ ಸೊಟ್ಟ ಸಹಿ. ಸಹಿ ಎಲ್ಲಿ ಹಾಕಬೇಕೆಂದು ತೋರಿಸಿದ್ದು ಅವನೇ. ಆ ಮನೆಯಲ್ಲಿ ದೊಡ್ಡವರಲ್ಲಿ ಅಕ್ಷರ ಬರುವವನು ಅವನೊಬ್ಬ. ಅವನು ಓದಿರಲಿಲ್ಲ. ಇನ್‌ಸ್ಪೆಕ್ಟರು ಕೊಟ್ಟಿದ್ದರೆ ಓದುತ್ತಿದ್ದ. ಹೆಡ್‌ಮಾಸ್ತರರು ಕೊಟ್ಟಿದ್ದರೆ ಎರಡು ಸಲ ಓದುತ್ತಿದ್ದ. ನಮ್ಮ ಜೊತೆ ನೆಲದ ಮೇಲೆ ಕೂತವರ ಕಾಗದವನ್ನು ಯಾರು ಓದುತ್ತಾರೆ?

"ಪುಟ್ಟನ್ನ ಕೇಳಿದ್ರಾ?" ಎಂದ.

"ಅವಳು ಮೈನರ್ ಅಪ್ಪ. ಅಮ್ಮ ಒಪ್ಪಿದರೆ ಸಾಕು."

ಅವನು ಎದ್ದು ಬಂದ.

ಬಸ್ ನಿಲ್ದಾಣದ ಗೋಡೆಗೆ ವಾಪಸು ಹೋಗಿ ಏಣಿ ಹಾಕಿದ. ಮೂಲೆ ಹಿಡಿದು ಎಳೆದ. ಬೆರಳ ತುದಿಯಷ್ಟು ಕಾಗದ ಬಂತು. ಅಂಟನ ಗೋಂದು ತೀರಿಹೋದ ಅಪ್ಪ ಕಲಿಸಿಕೊಟ್ಟದ್ದು. ಮೈದಾ ಕುದಿಸುವಾಗ ಚಿಟಿಕೆ ಮೈಲುತುತ್ತ, ಇಳಿಸುವಾಗ ಒಂದು ಹಿಡಿ ಮರದ ಅಂಟು. ಇಲಿ ಮುಟ್ಟುವುದಿಲ್ಲ, ಮಳೆಗೆ ಜಗ್ಗುವುದಿಲ್ಲ. ಅವನು ಅಂಟಿಸಿದ ಪೋಸ್ಟರು ಗೋಡೆ ಬಿದ್ದರೂ ಬೀಳುವುದಿಲ್ಲ ಎಂದು ಮೇಸ್ತ್ರಿ ಊರೆಲ್ಲ ಹೇಳಿಕೊಂಡು ಕೆಲಸ ಹಿಡಿಯುತ್ತಿದ್ದ. ಉಗುರಲ್ಲಿ ಕೆರೆದ. ಗೋಂದಿನ ಬಾಣಲೆ ಕೆರೆಯುವ ಕಬ್ಬಿಣದ ಪಟ್ಟಿಯಲ್ಲಿ ಕೆರೆದ. ಕೆನ್ನೆಯ ಮೇಲೆ ಬಿಳಿ ಗೀರು ಬಿತ್ತು. ತುಟಿ ಅರ್ಧ ಹರಿಯಿತು. ಹರಿದಷ್ಟೂ ಅದು ಇನ್ನೇನೋ ಆಗುತ್ತಿತ್ತು. ತಂಗಿಯ ಮುಖವನ್ನು ಮೊದಲು ಕೆಡಿಸಿದವರ ಸಾಲಿನಲ್ಲಿ ತಾನೂ ನಿಂತಿದ್ದೇನೆ ಅನ್ನಿಸಿತು. ಆದರೂ ಕೆರೆದ. ಕೈ ಜಾರಿ ಕಬ್ಬಿಣ ಅಂಗೈಗೆ ಇಳಿಯಿತು. ರಕ್ತ ಕಪ್ಪು ಪಟ್ಟಿಯ ಮೇಲೆ ಹರಿದು ಕಾಣದಾಯಿತು.

ಕೆಳಗೆ ಜನ ಸೇರಿದರು.

"ಮಕ್ಕಳ ಕಾನೂನಿನ ಪೋಸ್ಟರ್ ಕೀಳ್ತಿದ್ದಾನೆ ನೋಡ್ರೋ," ಎಂದಿತು ಒಂದು ದನಿ. "ಇವನೇ ಅಂಥಾ ಫೋಟೋ ನೋಡೋ ಗಿರಾಕಿ ಇರಬೇಕು."

ಏಣಿ ಎಳೆದರು. ಅವನು ಬಿದ್ದ. ಟವೆಲ್ ಕಿತ್ತರು. ಜೇಬಿನಿಂದ ಫೋನು ತೆಗೆದು, ಒಳಗೇನಿದೆ ತೋರಿಸು ಎಂದು ಅವನದೇ ಹೆಬ್ಬೆರಳನ್ನು ಹಿಡಿದು ಒತ್ತಿದರು. ಗೋಂದು ಮೆತ್ತಿದ ಹೆಬ್ಬೆರಳಿಗೆ ಫೋನು ತೆರೆಯಲಿಲ್ಲ. ಅದಕ್ಕೂ ಒಂದು ಏಟು ಬಿತ್ತು. ಯಾಕೆ ಕಿತ್ತೆ ಹೇಳು, ಯಾಕೆ ಕಿತ್ತೆ ಹೇಳು.

ಉತ್ತರ ಅವನ ಹಲ್ಲಿನ ಹಿಂದೆಯೇ ಇತ್ತು. ಅವಳು ನನ್ನ ತಂಗಿ. ಎರಡೇ ಉಸಿರಿನ ಮಾತು. ಆಡಿದರೆ ಏಟು ನಿಲ್ಲುತ್ತಿತ್ತು. ನೀರು ಕೊಡುತ್ತಿದ್ದರು, ಬೆನ್ನು ಸವರುತ್ತಿದ್ದರು. ಆಮೇಲೆ ಆ ಕಿತ್ತಳೆ ತಿಂದವನಂಥ ಯಾರೋ ಒಬ್ಬ ಗೋಡೆ ನೋಡಿ ಅವನ ಮೂಗು ನೋಡುತ್ತಿದ್ದ. ಓಹೋ, ಆ ಬೀದಿಯ ಹುಡುಗಿ ಎನ್ನುತ್ತಿದ್ದ. ಫೋನು ತೆಗೆದು ಹುಡುಕುತ್ತಿದ್ದ. ಈಗ, ಇಲ್ಲೇ, ಅವನ ಕಣ್ಣ ಮುಂದೆಯೇ.

ಅಂಟ ಬಾಯಿ ಮುಚ್ಚಿಕೊಂಡ. ಒಂದು ಹಲ್ಲು ಅಲುಗಿತು. ಮುಚ್ಚಿಕೊಂಡೇ ಇದ್ದ. ನಾಲ್ಕಾರು ಜನ ಸುತ್ತ ನಿಂತು ಅವನ ಚಿತ್ರವನ್ನೂ ಹಿಡಿದರು.

ಠಾಣೆಯಲ್ಲಿ ಅದೇ ಇನ್‌ಸ್ಪೆಕ್ಟರು. ಈ ಸಲ ಪೆನ್ನು ತಾನಾಗಿ ಮೇಲೆದ್ದಿತು. ಸದನದ ಸಮಿತಿ ಸಭೆಯ ಪ್ರಚಾರ ಸಾಮಗ್ರಿ ಹಾಳುಮಾಡಿದ್ದು, ಸಾರ್ವಜನಿಕ ಗೋಡೆ ಕೆಡಿಸಿದ್ದು. ಹತ್ತು ನಿಮಿಷದಲ್ಲಿ ಎರಡು ಸೆಕ್ಷನ್ ಬಿದ್ದವು. ಇದ್ದ ಹುಡುಗಿಗೆ ಒಂದೂ ಸಿಕ್ಕಿರಲಿಲ್ಲ. ಕಾಗದದ ಹುಡುಗಿಗೆ ಎರಡು ಸಿಕ್ಕವು. ಸಂಜೆ ಮೇಸ್ತ್ರಿ ಬಂದು ಕೈಕಾಲು ಹಿಡಿದು ಬಿಡಿಸಿಕೊಂಡು ಹೋದ. ದಾರಿಯುದ್ದಕ್ಕೂ ಬೈದ. ಮನೆಯ ತಿರುವಿನಲ್ಲಿ ನಿಂತು, ಅವಳು ನಿನ್ನ ತಂಗಿ ಅಲ್ವೇನೋ ಎಂದು ಮೆಲ್ಲಗೆ ಕೇಳಿದ. ಅಂಟ ಮನೆಯ ಕಡೆ ತಿರುಗಿದ. ಮೇಸ್ತ್ರಿ ನೆಲ ನೋಡಿಕೊಂಡು ಹೋದ.

ತಂಗಿ ಸಂದಿಯಿಂದಲೇ ಅವನ ಮುಖ ನೋಡಿದಳು. ಅವನು ಬಿದ್ದೆ ಎಂದ. ಯಾವ ಏಣಿಯಿಂದ ಬಿದ್ದರೆ ಎರಡೂ ಕೆನ್ನೆ ಊದುತ್ತೆ ಎಂದು ಅವಳು ಕೇಳಿದಳು. ಅಮ್ಮ ಒಲೆಯ ಮುಂದೆ ಕೂತವಳು ತಿರುಗಲಿಲ್ಲ. ಅವನು ಹೇಳಿದ. ಕಪ್ಪು ಪಟ್ಟಿ, ಹಸಿರು ಗುಂಡಿ, ಕೆಳಗಿನ ಅಕ್ಷರ, ಡ್ರಮ್ಮಿಗೆ ಅದ್ದಿದ್ದು, ಏಳನೆಯ ಸಾಲು. ಒಂದನ್ನೂ ಬಿಡಲಿಲ್ಲ. ಅವಳು ಅಳುತ್ತಾಳೆ ಎಂದುಕೊಂಡಿದ್ದ.

"ಎಷ್ಟು ಗೋಡೆ?"

"ಹನ್ನೆರಡು."

"ಅಂಟಿಸಿದ್ದು ಯಾರು?"

"ನಾನೇ ಪುಟ್ಟಾ."

ಅವಳು ಬಹಳ ಹೊತ್ತು ಬೀರುವಿನ ತುಕ್ಕು ಕೆರೆಯುತ್ತಿದ್ದಳು. ಪರದೆಯ ಹಿಂದೆ ಕೂರುವ ವಿಷಯವನ್ನೂ ಅವನು ಹೇಳಿದ.

"ನಾನು ಬರಲ್ಲ. ಪರದೆ ಹಿಂದೆನೂ ಬರಲ್ಲ, ಗೋಡೆ ಹಿಂದೆನೂ ಬರಲ್ಲ. ಅಮ್ಮ ಸಹಿ ಹಾಕಿದ್ರೆ ಅಮ್ಮನ ಮುಖ ಹಾಕ್ಕೊಳ್ಳಲಿ." ಆಮೇಲೆ ಅಣ್ಣನ ಕಡೆ ತಿರುಗಿದಳು. "ನೀನು ಹೋಗು. ಕಾನೂನು ಬೇಕು ಅಂತ ಮೊದಲು ಹೇಳು. ಸಿಟ್ಟಲ್ಲಿ ಅದನ್ನ ಬೇಡ ಅಂದುಬಿಟ್ಟು ಬರಬೇಡ. ಬೇಕು ಅದು ನನಗೆ. ಆದರೆ ನನ್ನ ಹೆಸರು ಹೇಳಬೇಡ. ನನ್ನ ಅಣ್ಣ ಅಂತನೂ ಹೇಳಬೇಡ."

ಅಮ್ಮ ಆಗ ತಿರುಗಿದಳು. ಸಹಿ ಹಾಕಿದ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಿದ್ದಳು, ಸುಟ್ಟುಕೊಂಡವಳ ಹಾಗೆ.

ಬೆಳಕು ಹರಿಯುವ ಹೊತ್ತಿಗೆ ತಾಯಿ ಮಗ ಗೋಡೆಗಳ ಮುಂದಿದ್ದರು. ಕಿತ್ತರೆ ಕೇಸು. ಒಂದರ ಮೇಲೆ ಇನ್ನೊಂದು ಅಂಟಿಸಿದರೆ ಅದು ದಿನದ ಕೆಲಸ, ಯಾರೂ ಕೇಳುವುದಿಲ್ಲ. ಹಳೆಯ ಪೋಸ್ಟರುಗಳ ಕಟ್ಟು ಬಿಚ್ಚಿ, ಬಣ್ಣ ಒಳಗಾಗಿ ಬೆನ್ನು ಹೊರಗಾಗಿ ಅಂಟಿಸಿದ. ಅಮ್ಮ ಏಣಿ ಹಿಡಿದುಕೊಂಡಳು. ಒಗೆಯುವ ಸೋಡಾದ ನೀರಿನಲ್ಲಿ ಬೆಂದು ಬಿರುಕು ಬಿಟ್ಟ ಅವಳ ಕೈಗೆ ಗೋಂದು ಉರಿಯುತ್ತಿತ್ತು. ಪ್ರತಿ ಗೋಡೆಯಲ್ಲೂ ಬಿಳಿ ಹಾಳೆ ಬೀಳುವ ಮೊದಲು ಒಂದು ಸಲ ತಲೆ ಎತ್ತಿ ಮಗಳ ಗದ್ದ ನೋಡುತ್ತಿದ್ದಳು. ಆಮೇಲೆ, ಹೂಂ, ಮುಚ್ಚು ಎನ್ನುತ್ತಿದ್ದಳು. ಹೆಣದ ಮುಖ ಮುಚ್ಚುವವರು ಹಾಗೆ ಹೇಳುತ್ತಾರೆ.

ಹನ್ನೆರಡೂ ಬೆಳ್ಳಗಾದವು. ಆದರೆ ಗೋಂದಿನ ಗುಣ ಅವನಿಗೆ ಗೊತ್ತಿತ್ತು. ಬಿಳಿಯ ಕೆಳಗೆ ಅವಳು ಇದ್ದಳು. ಗೋಡೆ ಇರುವವರೆಗೆ ಇರುತ್ತಾಳೆ. ಸೈಕಲ್ ಏರಿದ ಮೇಲೂ ಬೆನ್ನ ಹಿಂದೆ ಯಾರೋ ಬಾಯಿ ಬಿಗಿಹಿಡಿದು ನಿಂತಿದ್ದಾರೆ ಅನ್ನಿಸುತ್ತಲೇ ಇತ್ತು.

ಸಭೆಯ ಹಾಲಿನ ಬಾಗಿಲಲ್ಲಿ ಜವಾನ ತಡೆದ. ಕೈ ತೊಳೆದುಕೊಂಡು ಬಾ, ಕುರ್ಚಿಗೆಲ್ಲ ಮೆತ್ತುತ್ತೆ ಎಂದ. ಕೂರಲ್ಲ, ನಿಂತಿರ್ತೀನಿ ಎಂದು ಅಂಟ ಒಳಗೆ ಹೋದ.

ವೇದಿಕೆಯ ಹಿಂದೆ ಹದಿಮೂರನೆಯದು ಇತ್ತು. ಬಟ್ಟೆಯ ಮೇಲೆ ಅಚ್ಚು ಹಾಕಿ, ನಾಲ್ಕು ಮೂಲೆಗೆ ದಾರ ಕಟ್ಟಿ, ಗೋಡೆಯಷ್ಟು ದೊಡ್ಡದಾಗಿ. ಅದರ ಮುಂದೆ ಅಧ್ಯಕ್ಷರು, ನಾಲ್ವರು ಸದಸ್ಯರು, ಬರೆದುಕೊಳ್ಳುವವನು ಒಬ್ಬ. ಪಕ್ಕದಲ್ಲಿ ಒಂದು ಪರದೆ, ಅದರ ಹಿಂದೆ ಖಾಲಿ ಕುರ್ಚಿ. ಎದುರಿನ ಸಾಲಿನಲ್ಲಿ ಕ್ಯಾಮೆರಾದವರು. ಮೇಡಂ ಬಾಗಿಲ ಕಡೆಯೇ ನೋಡುತ್ತಿದ್ದರು. ಅವನ ಹಿಂದೆ ಯಾರೂ ಇಲ್ಲದ್ದನ್ನು ಕಂಡು ಅವರ ಮುಖ ಇಳಿಯಿತು.

ಸಾರ್ವಜನಿಕರು ಮಾತಾಡಬಹುದು ಎಂದಾಗ ಅವನು ಮುಂದೆ ಹೋದ. ಊದಿದ ಬಾಯಿಯಿಂದ ಮಾತು ಸೊಟ್ಟಗೆ ಬಂತು.

"ಈ ಕಾನೂನು ಬೇಕು ಸಾರ್. ಮೊದಲು ಅದು ಬರ್ಕೊಳ್ಳಿ. ಬೇಕೇ ಬೇಕು." ಬರೆದುಕೊಳ್ಳುವವನು ಬರೆಯುವವರೆಗೆ ಕಾದ. "ಮಗೂನ ಕೇಳದೆ ಅದರ ಚಿತ್ರ ಊರಿಗೆ ಹಂಚಿದವನಿಗೆ ಇದರಲ್ಲಿ ಏನು ಶಿಕ್ಷೆ?"

ಸದಸ್ಯರೊಬ್ಬರು ಮೆಚ್ಚಿದವರಂತೆ ತಲೆಯಾಡಿಸಿ ಹಾಳೆ ತಿರುವಿದರು. ಅಂಥ ಚಿತ್ರ ಹಂಚಿದರೆ ಐದು ವರ್ಷ ಎಂದು ಓದಿದರು. ಅನ್ಯಾಯಕ್ಕೊಳಗಾದ ಮಗುವಿನ ಗುರುತು ಸಿಗುವಂಥ ಯಾವುದೇ ಚಿತ್ರವನ್ನು ಪ್ರಕಟಿಸಿದವರಿಗೂ, ಅಚ್ಚು ಹಾಕಿದವರಿಗೂ, ಪ್ರಕಟಿಸಲು ನೆರವಾದವರಿಗೂ ಎರಡು ವರ್ಷ ಎಂದು ಓದಿದರು. ಓದುತ್ತ ಓದುತ್ತ ಅವರ ದನಿ ಸಣ್ಣದಾಯಿತು.

"ಹಾಗಾದರೆ ನನ್ನಿಂದ ಶುರು ಮಾಡಿ. ನೆನ್ನೆ ಹನ್ನೆರಡು ಗೋಡೆಗೆ ನಾನೇ ಅಂಟಿಸಿದ್ದೀನಿ." ಅವನು ಅಧ್ಯಕ್ಷರ ಹಿಂದಿನ ಬಟ್ಟೆಯ ಕಡೆ ಕೈ ತೋರಿಸಿದ. ಕಣ್ಣೆತ್ತಿ ನೋಡಲಿಲ್ಲ. "ಕೊಟ್ಟವರು ಯಾರು, ಅಚ್ಚು ಹಾಕಿಸಿದವರು ಯಾರು, ಹಾಕಿ ಅಂದವರು ಯಾರು, ಅವರೆಲ್ಲ ನನ್ನ ಹಿಂದೆ ಸಾಲಾಗಿ ಬರ್ತಾರೆ."

ಅಧ್ಯಕ್ಷರು ಕನ್ನಡಕ ತೆಗೆದರು, ಹಾಕಿಕೊಂಡರು. ಅವರು ಒರಟರಲ್ಲ. ತಂದೆಯ ದನಿಯಲ್ಲೇ ಮಾತಾಡಿದರು. ಚಿತ್ರದ ಬಗ್ಗೆ ಆಕ್ಷೇಪಣೆ ಎತ್ತುವ ಹಕ್ಕು ಮಗುವಿನ ಮನೆಯವರಿಗೆ ಮಾತ್ರ, ಹೆಸರು ವಿಳಾಸ ಸಮೇತ ದಾಖಲೆಗೆ ಹೇಳಬೇಕು ಎಂದು ವಿವರಿಸಿದರು.

"ಆ ಮಗು ನಿನಗೆ ಏನಾಗಬೇಕಪ್ಪ?"

ಕ್ಯಾಮೆರಾಗಳೆಲ್ಲ ಅವನ ಕಡೆ ತಿರುಗಿದವು. ಮೇಡಂ ಅವನನ್ನೇ ನೋಡುತ್ತಿದ್ದರು. ಕಾಯುತ್ತಿದ್ದರು. ಹುಟ್ಟಿದ ದಿನ ಆಸ್ಪತ್ರೆಯ ಬಟ್ಟೆಯಲ್ಲಿ ಸುತ್ತಿ ಅವನ ತೊಡೆಯ ಮೇಲಿಟ್ಟ ಮಗು ಅದು. ಗದ್ದ ಒಡೆದುಕೊಂಡಾಗ ಅವನು ಹೆಗಲ ಮೇಲೆ ಹೊತ್ತು ಓಡಿದ ಮಗು.

"ಏನೂ ಆಗಬೇಕಾಗಿಲ್ಲ ಸಾರ್. ನಾನು ಅಂಟಿಸಿದವನು."

ಬರೆದುಕೊಳ್ಳುವವನ ಕಡೆ ತಿರುಗಿದ.

"ಆಕ್ಷೇಪಣೆ ಅಲ್ಲ ಇದು. ತಪ್ಪು ಮಾಡಿದ್ದೀನಿ, ಒಪ್ಕೋತಿದ್ದೀನಿ. ಅದಕ್ಕೂ ನೆಂಟಸ್ತನ ಬೇಕಾ?"

ಬರೆದುಕೊಳ್ಳುವವನು ಅಧ್ಯಕ್ಷರ ಮುಖ ನೋಡಿದ. ಬರೆಯಲೋ ಬೇಡವೋ. ಕ್ಯಾಮೆರಾದವರು ಎದ್ದು ನಿಂತರು. ಅವರ ಗುರಿ ಅವನ ತಲೆಯ ಮೇಲಿಂದ ಬಟ್ಟೆಯ ಮುಖದ ಮೇಲೆ ಹೋಗುತ್ತಿದ್ದುದನ್ನು ಅಂಟ ತಿರುಗಿ ಕಂಡ. ಮುಂದಕ್ಕೆ ನಡೆದ. ವೇದಿಕೆ ಹತ್ತಿ, ಬಟ್ಟೆಗೆ ಬೆನ್ನು ಕೊಟ್ಟು, ಗದ್ದದ ಮುಂದೆ ನಿಂತ. ಗಾಯದ ಗುರುತು ಅವನ ತಲೆಯ ಹಿಂದೆ ಅಡಗಿತು. ನನ್ನದು ತಗೊಳ್ಳಿ, ಎಷ್ಟು ಬೇಕಾದರೂ ತಗೊಳ್ಳಿ, ಇದು ಇಳಿಯುವವರೆಗೆ ನಾನು ಇಲ್ಲಿಂದ ಕದಲುವುದಿಲ್ಲ ಎಂದ. ಕ್ಲಿಕ್, ಕ್ಲಿಕ್, ಕ್ಲಿಕ್ ಎಂದಿತು. ಪ್ರತಿಯೊಂದಕ್ಕೂ ಅವನ ಕೈ ಮುಖದ ಕಡೆ ಏಳಲು ನೋಡಿತು. ಇನ್ನೊಂದು ಕೈಯಿಂದ ಬೆನ್ನ ಹಿಂದೆ ಹಿಡಿದುಕೊಂಡ.

ಅಧ್ಯಕ್ಷರು ಜವಾನನಿಗೆ ಸನ್ನೆ ಮಾಡಿದರು. ಜವಾನ ಮೇಜು ಎಳೆದು ತಂದ. ಮೇಲಿನ ದಾರ ಎಟುಕುವುದಿಲ್ಲ ಎಂದ. ಯಾರೋ, ಅವನಿಗೇ ಹೇಳಿ, ಅವನ ಕಸುಬೇ ಅದಲ್ಲವೇ ಎಂದರು. ಎರಡು ಮೂರು ಜನ ನಕ್ಕರು. ಅಧ್ಯಕ್ಷರಿಗೂ ಅದು ಸರಿ ಕಂಡಿತು. ನೀನೇ ಹತ್ತಿ ಬಿಚ್ಚಪ್ಪ, ಮುಗಿದುಹೋಗಲಿ ಎಂದರು.

"ನಾನು ಹತ್ತಲ್ಲ," ಎಂದ ಅಂಟ. "ಹಾಕಿಸಿದವರು ಹತ್ತಲಿ."

ಹತ್ತು ವರ್ಷದಲ್ಲಿ ಏಣಿ ಹತ್ತು ಎಂದವರಿಗೆ ಅವನು ಇಲ್ಲ ಎಂದದ್ದು ಅದೇ ಮೊದಲು.

ಯಾರೂ ಅಲುಗಲಿಲ್ಲ. ಸದಸ್ಯರು ಕಾಗದ ಜೋಡಿಸಿದರು. ಜವಾನ ಮೇಜಿನ ಧೂಳು ಒರೆಸಿದ. ಕೊನೆಗೆ ಸಾಲಿನ ತುದಿಯಲ್ಲಿ ಮೇಡಂ ಎದ್ದರು. ಚಪ್ಪಲಿ ಬಿಟ್ಟು ಮೇಜು ಹತ್ತಿದರು. ಎಡಗಡೆಯ ಗಂಟನ್ನು ಉಗುರಿನಿಂದ, ಆಮೇಲೆ ಹಲ್ಲಿನಿಂದ ಬಿಚ್ಚಿದರು. ಬಟ್ಟೆಯ ಒಂದು ಮೂಲೆ ಕುಸಿದು ಕಪ್ಪು ಪಟ್ಟಿ ಮಡಚಿಕೊಂಡಿತು. ಅರ್ಧ ಮುಖ ಅಂಟನ ಭುಜದ ಮೇಲೆ ಬಂದು ಬಿತ್ತು. ಅವನು ನಿಂತೇ ಇದ್ದ. ಬಲಗಡೆಯ ಗಂಟು ಬಿಗಿಯಾಗಿತ್ತು, ಮೇಡಂಗೆ ಕೈ ಎಟುಕಲಿಲ್ಲ. ಅವರು ಮೇಜಿನ ಮೇಲೆ ತುದಿಗಾಲಲ್ಲಿ ನಿಂತು, ಹಾಲಿನ ಕಡೆ ತಿರುಗಿ, ಇನ್ನೊಬ್ಬರು ಬನ್ನಿ ಎಂದರು.

ಯಾರೂ ಬರಲಿಲ್ಲ. ಅಂಟ ಎದುರಿನ ಗೋಡೆ ನೋಡುತ್ತ ಕಾದ. ಬಹಳ ಹೊತ್ತಾದ ಮೇಲೆ ಅವನ ಬಲಗಡೆ, ಅಧ್ಯಕ್ಷರ ಕುರ್ಚಿ ನೆಲಕ್ಕೆ ಉಜ್ಜಿಕೊಂಡು ಹಿಂದೆ ಸರಿದ ಸದ್ದು, ಆಮೇಲೆ ಚಪ್ಪಲಿ ಬಿಟ್ಟ ಸದ್ದು ಕೇಳಿಸಿತು.